ಶುದ್ಧಹಸ್ತರ ಪಟ್ಟಿ

ಚಾದರಣ್ಣನಿಗೆ ಖಾಯಂ ನೌಕರಿ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಮೂರು ತಿಂಗಳ ಮಟ್ಟಿಗೆಂದು ಆಸ್ಪತ್ರೆಗೆ ಸೇರಿದವನು ಈಗಲೂ ಮೂರು ತಿಂಗಳ ಮಟ್ಟಿಗೇ ಇದ್ದ. ಮೂರು ತಿಂಗಳಿಗೊಮ್ಮೆ ಒಂದು ಕಾಗದಕ್ಕೆ ಸಹಿ ಹಾಕಿ ಹೊಸಬನಾಗುತ್ತಿದ್ದ. ಹೀಗೆ ನಲವತ್ತನಾಲ್ಕು ಸಲ ಹೊಸಬನಾದ ಮನುಷ್ಯ ಆ ಕಟ್ಟಡದಲ್ಲಿ ಇನ್ನೊಬ್ಬನೇ ಇದ್ದ. ಅವನು ಲಿಫ್ಟಿನವನು. ಇಬ್ಬರಲ್ಲಿ ಒಬ್ಬನನ್ನು ಖಾಯಂ ಮಾಡುತ್ತಾರೆಂಬ ಸುದ್ದಿ ವರ್ಷಕ್ಕೊಂದು ಸಲ ಹುಟ್ಟಿ, ಎರಡು ವಾರ ಓಡಾಡಿ, ತಾನಾಗಿ ಸಾಯುತ್ತಿತ್ತು.

ಆಪರೇಷನ್ ಆದವರನ್ನು ಮಲಗಿಸುವ ವಾರ್ಡಿನ ಬಾಗಿಲ ಪಕ್ಕದಲ್ಲಿ ಪ್ಲೈವುಡ್ ಹಲಗೆ ಹೊಡೆದು ಮಾಡಿದ ಒಂದು ಕೋಣೆಯಿತ್ತು. ನೆಲದಿಂದ ಸೂರಿನವರೆಗೆ ಚಾದರ, ದಿಂಬಿನ ಚೀಲ, ಹಸಿರು ಗೌನು. ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ನಮ್ಮ ಗುಮಾಸ್ತ. ಕೊಳೆಯಾದದ್ದನ್ನು ಎಣಿಸಿ ಒಳಗೆ ತೆಗೆದುಕೊಳ್ಳುವುದು, ಒಗೆದದ್ದನ್ನು ಎಣಿಸಿ ಹೊರಗೆ ಕೊಡುವುದು, ಇಷ್ಟು ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಲ್ಲಿ ಎಲ್ಲರಿಗೂ ಚಾದರಣ್ಣ.

ಆ ವಾರ್ಡಿನಲ್ಲಿ ಹೊಲಿಗೆ ಹಾಕಿದ ಗಾಯಗಳು ಕೀವಾಗುವುದು ಜಾಸ್ತಿಯಾಯಿತು. ತಿಂಗಳಿಗೆ ಒಂಬತ್ತು ಗಾಯ. ಸೋಂಕು ತಡೆಯುವುದಕ್ಕೆಂದೇ ಇದ್ದ ಸಿಸ್ಟರ್ ಒಬ್ಬಳು, ಗಿಡ್ಡಗಿನ, ಚುರುಕಿನ ಹೆಂಗಸು, ಎಲ್ಲರ ಬೆನ್ನು ಹತ್ತಿ ಕೈ ತೊಳೀರಿ, ಕೈ ತೊಳೀರಿ ಎಂದು ಬೇಡಿಕೊಂಡಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳು ಎಲ್ಲೋ ಓದಿ, ಯಾರಿಗೋ ಬರೆದು, ಒಂದು ಯಂತ್ರವನ್ನೇ ತರಿಸಿದಳು. ಮೂರು ತಿಂಗಳ ಪರೀಕ್ಷೆ. ಅಷ್ಟರೊಳಗೆ ವಾರ್ಡಿನ ಅಂಕ ನೂರಕ್ಕೆ ಅರವತ್ತು ಮುಟ್ಟದಿದ್ದರೆ ಯಂತ್ರ ವಾಪಸ್ಸು, ಸಿಸ್ಟರ್ ಹಳೇ ಡ್ಯೂಟಿಗೆ ವಾಪಸ್ಸು.

ಯಂತ್ರವೆಂದರೆ ಹೀಗೆ. ಗೋಡೆಯ ಮೇಲೆ ಹನ್ನೆರಡು ಕಡೆ ಔಷಧದ ಡಬ್ಬಿ. ಕೆಳಗೆ ಕೈ ಒಡ್ಡಿದರೆ ಒಂದು ತೊಟ್ಟು ಬೀಳುತ್ತದೆ. ಎಲ್ಲರ ಎದೆಗೂ ಒಂದೊಂದು ಬಿಲ್ಲೆ. ಕೈಗೆ ಔಷಧ ಹಚ್ಚಿದರೆ ಬಿಲ್ಲೆ ಹಸಿರಾಗುತ್ತದೆ, ಅದರ ಪುಟ್ಟ ಕಿಂಡಿಯಲ್ಲಿ ಎಣಿಕೆ ಒಂದು ಏರುತ್ತದೆ. ಹಚ್ಚದೆ ರೋಗಿಯ ಹಾಸಿಗೆ ಹತ್ತಿರ ಹೋದರೆ ಕೆಂಪಾಗಿ ಕೀಂಯ್ ಎನ್ನುತ್ತದೆ. ಪಡಸಾಲೆಯ ತುದಿಯ ಪರದೆಯ ಮೇಲೆ ಎಲ್ಲರ ಎಣಿಕೆಯೂ ಎಲ್ಲರಿಗೂ ಕಾಣುತ್ತದೆ.

ನಲವತ್ತೆರಡು ಜನಕ್ಕೆ ಕೊಟ್ಟ ಮೇಲೆ ಒಂದು ಬಿಲ್ಲೆ ಉಳಿಯಿತು. "ನೀವೂ ಹಾಕ್ಕೊಳ್ಳಿ ಚಾದರಣ್ಣ, ಚಾದರ ಕೊಡೋಕೆ ಒಳಗೆ ಬರ್ತೀರಲ್ಲ" ಎಂದು ಸಿಸ್ಟರ್ ಅದನ್ನು ಅವನಿಗೆ ಸಿಕ್ಕಿಸಿದಳು.

"ಇದಕ್ಕೆ ಹೇಗೆ ಗೊತ್ತಾಗುತ್ತೆ ಸಿಸ್ಟರ್, ನಾನು ತೊಳೆದೆ ಅಂತ?"

"ಗೊತ್ತಾಗುತ್ತೆ."

"ಅದೇ, ಹೇಗೆ?"

"ಅಯ್ಯೋ, ಗೊತ್ತಾಗುತ್ತೆ ಅಂದ್ನಲ್ಲ. ನಿಮ್ಮ ಹೆಂಡ್ತಿಗೆ ಹೇಗೆ ಗೊತ್ತಾಗುತ್ತೋ ಹಾಗೆ."

ಈ ಉತ್ತರ ಚಾದರಣ್ಣನಿಗೆ ಸಾಕಾಗಲಿಲ್ಲ. ಆದರೆ ಎರಡನೇ ದಿನವೇ ಆ ಬಿಲ್ಲೆ ಕೊಳೆ ಚಾದರದ ಗಂಟಿಗೆ ಸಿಕ್ಕಿ, ಒಗೆಯುವ ಹಂಡೆಯ ಬಾಯಿವರೆಗೆ ಹೋಗಿ ಬಂದದ್ದರಿಂದ, ಅವನು ತನ್ನ ಕುರ್ಚಿಯ ಹಿಂದಿನ ಹಲಗೆಗೆ ಒಂದು ಮೊಳೆ ಹೊಡೆದು ಅದನ್ನು ಅಲ್ಲೇ ನೇತುಹಾಕಿದ. ಸಾವಿರ ಚಾದರ ಕಾಯುವವನಿಗೆ ಇದೊಂದನ್ನು ಕಾಯಲು ಪುರುಸೊತ್ತಿರಲಿಲ್ಲ.

ವಾರ್ಡಿನಲ್ಲಿ ಸಡಗರವೋ ಸಡಗರ. ದೊಡ್ಡ ಡಾಕ್ಟರು ಬೆಳಿಗ್ಗೆ ರೌಂಡ್ಸಿಗೆ ಬಂದರೆ ಅವರ ಎದೆ ಕೀಂಯ್ ಕೀಂಯ್ ಎನ್ನುತ್ತಿತ್ತು. ಹೊಟ್ಟೆ ಹೊಲಿಸಿಕೊಂಡು ಎದ್ದು ಕೂರಲಾಗದವರೂ ಕತ್ತೆತ್ತಿ ನೋಡುತ್ತಿದ್ದರು. ಒಂಬತ್ತನೇ ಹಾಸಿಗೆಯ ಅಜ್ಜಿಗಂತೂ ನೋವಿನ ಮಾತ್ರೆ ಬೇಡವಾಯಿತು.

"ಡಾಕ್ಟ್ರೇ, ನಿಮ್ಮದು ಕೆಂಪು."

"ಗೊತ್ತಿದೆ ಅಜ್ಜಿ."

"ಗೊತ್ತಿದ್ದೂ ಬಂದ್ರಾ?"

ಮರುದಿನದಿಂದ ದೊಡ್ಡ ಡಾಕ್ಟರು ಬಿಲ್ಲೆಯನ್ನು ಜೇಬಿನ ತಳಕ್ಕೆ ತುರುಕಿಕೊಂಡು ಬಂದರು. ಆಗ ಜೇಬು ಕೀಂಯ್ ಎಂದಿತು. "ಈಗ ಹೊಟ್ಟೆಯಿಂದ ಬರ್ತಾ ಇದೆ, ಪಾಪ" ಎಂದಳು ಅಜ್ಜಿ.

ಎರಡು ತಿಂಗಳಾದ ಮೇಲೆ ಅಂಕಗಳು ಬಂದವು. ವಾರ್ಡಿನದು ಹತ್ತೊಂಬತ್ತು. ದೊಡ್ಡ ಡಾಕ್ಟರದು ಹನ್ನೊಂದು. ನರ್ಸುಗಳದು ಹದಿನೈದು, ಇಪ್ಪತ್ತು. ಸಿಸ್ಟರದು ಅರವತ್ತನಾಲ್ಕು. ಎಲ್ಲಕ್ಕಿಂತ ಮೇಲೆ ನಲವತ್ಮೂರನೇ ನಂಬರಿನ ಬಿಲ್ಲೆ, ಬಟ್ಟೆ ಕೋಣೆ ಗುಮಾಸ್ತ, ನೂರಕ್ಕೆ ನೂರು. ನಿಜವಾದ ಲೆಕ್ಕ ಇನ್ನೂ ಜಾಸ್ತಿ ಇತ್ತಂತೆ. ನೂರರ ಮೇಲೆ ಬರೆಯಲು ಯಂತ್ರಕ್ಕೆ ಬರುತ್ತಿರಲಿಲ್ಲ.

ಸಿಸ್ಟರ್ ಹಾಳೆಯ ಮೇಲೆ "ಕೈ ತೊಳೆಯುವವರ ಪಟ್ಟಿ" ಎಂದು ಬರೆದು ದೊಡ್ಡ ಡಾಕ್ಟರ ಸಹಿಗೆ ಒಯ್ದಳು. ದೊಡ್ಡ ಡಾಕ್ಟರು ಕಾಲೇಜಿನಲ್ಲಿ ಒಮ್ಮೆ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದವರು. ಅಲ್ಲಿಂದೀಚೆಗೆ ಯಾವ ಕಾಗದವೂ ಅವರ ಕೈಯಿಂದ ಹೋದ ಹಾಗೆ ವಾಪಸ್ಸು ಬಂದಿರಲಿಲ್ಲ.

"ತೊಳೆಯುವವರು! ಏನಮ್ಮ ಇದು, ಪಾತ್ರೆ ತೊಳೆಯುವವರ ಹಾಗೆ? ಸ್ವಲ್ಪ ಗಾಂಭೀರ್ಯ ಬೇಡ್ವಾ?" ಎಂದು ಹೊಡೆದುಹಾಕಿ, ಮೇಲೆ ದುಂಡಗೆ ಬರೆದರು: ಶುದ್ಧಹಸ್ತರ ಪಟ್ಟಿ. ಬರೆದದ್ದು ಎಷ್ಟು ಚೆಂದ ಕಂಡಿತೆಂದರೆ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಆಸ್ಪತ್ರೆಯ ಮುಂಬಾಗಿಲಿಗೆ ಅಂಟಿಸಲು ಹೇಳಿದರು. ಅದರಲ್ಲಿ ತಮ್ಮ ಹೆಸರಿನ ಮುಂದೆ ಹನ್ನೊಂದು ಎಂದಿರುವುದು ಅವರ ಗಮನಕ್ಕೆ ಬರಲಿಲ್ಲ. ಸಾಹಿತ್ಯದ ಆನಂದ ಅಂಥದು.

ಚೀಟಿ ಮಾಡಿಸುವ ಸಾಲಿನಲ್ಲಿ ನಿಂತವರು ಅದನ್ನು ಓದಿದರು. ಅವರಿಗೆ ಬೇರೆ ಕೆಲಸವಿರಲಿಲ್ಲ. ಕೈ ಶುದ್ಧವಿರುವುದು ಎಂದರೆ ಲಂಚ ಮುಟ್ಟದಿರುವುದು ಎಂದು ಅವರೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದವರು.

"ನೋಡಿ ಸ್ವಾಮಿ, ದೊಡ್ಡ ಡಾಕ್ಟ್ರೇ ನೂರಕ್ಕೆ ಹನ್ನೊಂದು."

"ಹನ್ನೊಂದಾದ್ರೂ ಇದೆಯಲ್ಲ ಅನ್ನಿ."

"ಆದ್ರೂ ಮೆಚ್ಬೇಕು. ತಾವೇ ಒಪ್ಕೊಂಡು ಬಾಗಿಲಿಗೆ ಅಂಟಿಸಿದಾರೆ. ನಮ್ಮ ಆಫೀಸಲ್ಲಿ ಅಂಟಿಸ್ತಾರಾ?"

"ಈ ಬಟ್ಟೆ ಕೋಣೆ ಗುಮಾಸ್ತ ಯಾರ್ರೀ, ನೂರಕ್ಕೆ ನೂರು?"

"ಪಾಪ, ಬಟ್ಟೆ ಕೋಣೆಯಲ್ಲಿ ಯಾರು ಏನು ಕೊಡ್ತಾರೆ?"

"ಹಾಗನ್ಬೇಡಿ. ಕೊಡೋರಿದ್ರೆ ಸ್ಮಶಾನದಲ್ಲೂ ಕೊಡ್ತಾರೆ."

ಆ ಸಾಲಿನಲ್ಲಿ ಚಾದರಣ್ಣನ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಮಂಡಿನೋವಿಗೆಂದು ನಿಂತಿದ್ದರು. ಮಂಡಿಯನ್ನು ಅಲ್ಲೇ ಮರೆತು ಮನೆಗೆ ನಡೆದರು. ಸಂಜೆ ಚಾದರಣ್ಣ ಬೀದಿಗೆ ಕಾಲಿಡುವಷ್ಟರಲ್ಲಿ ಬೀದಿಯೇ ಎದ್ದು ನಿಂತಿತ್ತು.

"ನಮ್ಮ ಬೀದಿಯ ನೀರಿನ ಟ್ಯಾಂಕಿನ ಬೀಗದ ಕೈ ಇನ್ಮೇಲೆ ನಿಮ್ಮ ಹತ್ರ" ಎಂದು ಪೋಸ್ಟ್‌ಮಾಸ್ಟರು ಅವನ ಅಂಗೈ ಬಿಡಿಸಿ ಇಟ್ಟರು. "ಆರು ವರ್ಷದಿಂದ ಆ ಕೈ ಯಾರ ಹತ್ರ ಇರ್ಬೇಕು ಅಂತ ಜಗಳ. ಇವತ್ತು ತೀರ್ಮಾನ ಆಯ್ತು."

ಮರುದಿನ ಪಕ್ಕದ ಮನೆಯವರು ಊರಿಗೆ ಹೋಗುವಾಗ ಮನೆಯ ಬೀಗದ ಕೈ ಕೊಟ್ಟರು. ಅದನ್ನು ನೋಡಿ ಅವರ ಪಕ್ಕದವರು ಕೊಟ್ಟರು, ಅವರು ಊರಿಗೆ ಹೋಗದಿದ್ದರೂ. ವಾರದಲ್ಲಿ ಏಳು ಬೀಗದ ಕೈ ಸೇರಿದವು. ಹೆಂಡತಿ ಅವನ್ನು ಸೆರಗಿಗೆ ಕಟ್ಟಿಕೊಂಡು ಓಡಾಡಿದರೆ ಜೈಲಿನ ಬಾಗಿಲು ತೆಗೆದಂತೆ ಸದ್ದಾಗುತ್ತಿತ್ತು.

"ಏನ್ರೀ, ನೀವು ನಿಜವಾಗ್ಲೂ ಅಷ್ಟೊಂದು ಸಲ ಕೈ ತೊಳೀತೀರಾ?" ಎಂದಳು. ಪಟ್ಟಿಯ ಅರ್ಥ ಬೀದಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. "ಊಟಕ್ಕೆ ಕೂತಾಗ ನಾನು ಮೂರು ಸಲ ಹೇಳ್ಬೇಕು."

"ಅಲ್ಲಿ ಬೇರೆ ಕಣೆ."

"ಏನು ಬೇರೆ? ಅಲ್ಲಿಗೆ ಬೇರೆ ಕೈ ತಗೊಂಡು ಹೋಗ್ತೀರಾ?"

ಚಾದರಣ್ಣನಿಗೂ ಅದೇ ಅನುಮಾನ. ಅವನು ಆ ಡಬ್ಬಿಯ ಕೆಳಗೆ ಕೈ ಒಡ್ಡಿದ್ದು ಕಡಿಮೆ. ಔಷಧ ಹಚ್ಚಿದ ಕೈಗೆ ಚಾದರದ ಮಡಿಕೆ ಸರಿಯಾಗಿ ಕೂರುವುದಿಲ್ಲ ಎಂಬುದು ಅವನ ಸಿದ್ಧಾಂತ. ಮೊದಲು, ದೇವರ ಕಣ್ಣಿಗೆ ತಾನು ಹೇಗೋ ಕಂಡಿರಬೇಕೆಂದು ಸಮಾಧಾನ ಮಾಡಿಕೊಂಡ. ಆದರೆ ಒಂದು ಭಾನುವಾರ ರಜೆ ಹಾಕಿ ಸೋಮವಾರ ಬಂದು ನೋಡಿದರೆ, ಮೊಳೆಯಲ್ಲಿ ತೂಗುತ್ತಿದ್ದ ಬಿಲ್ಲೆಯ ಕಿಂಡಿಯಲ್ಲಿ ತೊಂಬತ್ತಾರು ಏರಿತ್ತು. ಮನೆಯಲ್ಲಿ ಮಲಗಿದ್ದ ಮನುಷ್ಯ ತೊಂಬತ್ತಾರು ಸಲ ಕೈ ತೊಳೆದಿದ್ದ.

ಅವನಿಗೆ ಊಟ ಸೇರಲಿಲ್ಲ. ಹೆದರಿಕೆಯಿಂದಲ್ಲ, ಕುತೂಹಲದಿಂದ. ಬದುಕಿನಲ್ಲಿ ಮೊದಲ ಸಲ ಎಣಿಸುವುದಕ್ಕೆ ಚಾದರವಲ್ಲದ ಏನೋ ಸಿಕ್ಕಿತ್ತು. ಹಲಗೆಗೆ ಕಿವಿಯಿಟ್ಟು ಕೂತ. ಆಚೆ ಕಡೆ ಯಾರೋ ಬಂದರು, ಗುರ್ ಎಂದು ಸದ್ದಾಯಿತು, ಔಷಧ ಬಿತ್ತು. ಈಚೆ ಕಡೆ ಬಿಲ್ಲೆ ಮಿಣ್ಣನೆ ಹಸಿರಾಯಿತು. ಎಣಿಕೆ ಒಂದು ಏರಿತು. ಎದ್ದು ಹೊರಗೆ ಹೋಗಿ ನೋಡಿದ. ವಾರ್ಡಿನ ಬಾಗಿಲಿನ ಡಬ್ಬಿ, ಒಳಗೆ ಹೋಗುವವರೆಲ್ಲ ಕೈ ಒಡ್ಡುವ ಡಬ್ಬಿ, ಸರಿಯಾಗಿ ಅವನ ಮೊಳೆಯ ಬೆನ್ನಿಗೇ ಇತ್ತು.

ಹಳೇ ಲಾಂಡ್ರಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವನು ಶಾಸ್ತ್ರೀಯವಾಗಿ ಬರೆಯತೊಡಗಿದ. ಮೊಳೆ ಕಿತ್ತು ಕಿತ್ತು ಬೇರೆ ಬೇರೆ ಕಡೆ ಹೊಡೆದ. ಡಬ್ಬಿಯಿಂದ ಒಂದು ಗೇಣು ದೂರ: ಹತ್ತು ಜನರಲ್ಲಿ ಹತ್ತೂ ನನಗೆ. ಎರಡು ಗೇಣು: ಹತ್ತರಲ್ಲಿ ಐದು. ಮೂರು ಗೇಣು: ಒಂದೂ ಇಲ್ಲ. ಆಮೇಲೆ ಕೈ ಚಾಚಿ ನಿಂತವರ ಎದೆಗೂ ಡಬ್ಬಿಗೂ ಎಷ್ಟು ದೂರವೆಂದು ನೋಡಿದ. ಎರಡು ಗೇಣು. ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ಯಂತ್ರ ಕೈಯನ್ನು ನೋಡುವುದೇ ಇಲ್ಲ. ಔಷಧ ಬಿದ್ದಾಗ ಯಾರ ಬಿಲ್ಲೆ ಹತ್ತಿರವೋ ಅವರ ಹೆಸರಿಗೆ ಬರೆಯುತ್ತದೆ. ಎರಡು ತಿಂಗಳಿಂದ ವಾರ್ಡಿನವರು ಆ ಬಾಗಿಲಲ್ಲಿ ತೊಳೆದದ್ದೆಲ್ಲ ಹಲಗೆ ತೂರಿ ಅವನ ಮೊಳೆಗೆ ಬಂದು ಬೀಳುತ್ತಿತ್ತು.

ಇದನ್ನು ತಯಾರಿಸಿದವರೂ ಹೇಳದ ವಿಷಯ ತನಗೆ ಗೊತ್ತಾಯಿತಲ್ಲ ಎಂದು ಚಾದರಣ್ಣನ ಎದೆ ಉಬ್ಬಿತು. ನೋಟ್‌ಬುಕ್ಕು ಹಿಡಿದು ಸಿಸ್ಟರ್ ಕೋಣೆಗೆ ಓಡಿದ. ಅವಳು ಎರಡು ಹಾಳೆ ಮುಂದಿಟ್ಟುಕೊಂಡು ತಲೆ ಹಿಡಿದು ಕೂತಿದ್ದಳು.

"ಬನ್ನಿ ಚಾದರಣ್ಣ, ನೀವಾದ್ರೂ ಹೇಳಿ. ತಿಂಗಳಿಗೆ ಒಂಬತ್ತು ಗಾಯ ಕೀವಾಗ್ತಿತ್ತು. ಈಗ ಎರಡು. ಕೈ ತೊಳೀತಿರೋದು ನೋಡಿದ್ರೆ ಹತ್ತೊಂಬತ್ತು. ತೊಳೀದೆ ಹೇಗೆ ಕಡಿಮೆ ಆಯ್ತು? ಇದು ಯಾವ ಪುಸ್ತಕದಲ್ಲೂ ಇಲ್ಲ."

"ಅದೇ ಸಿಸ್ಟರ್, ನಾನು..."

"ತಿಂಗಳ ಕೊನೆಗೆ ಅರವತ್ತಾಗದಿದ್ರೆ ಎಲ್ಲ ಕಿತ್ಕೊಂಡು ಹೋಗ್ತಾರೆ."

ಚಾದರಣ್ಣ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು.

"ಇಲ್ಲಿದ್ದೀಯಾ ನೀನು! ಕೇಳು, ಇಷ್ಟು ದಿನ ನಿನ್ನನ್ನ ಖಾಯಂ ಮಾಡೋದೋ ಲಿಫ್ಟಿನವನನ್ನೋ ಅಂತ ಕಮಿಟಿಗೆ ತೋಚಿರಲಿಲ್ಲ. ಈಗ ಒಂದು ಕಾರಣ ಸಿಕ್ತು. ಶುದ್ಧಹಸ್ತ! ಕೊನೇ ಶನಿವಾರ ಫಲಕನೂ ಕೊಡೋಣ, ಖಾಯಂ ಕಾಗದನೂ ಕೊಡೋಣ. ಮನೆಯವರನ್ನೂ ಕರ್ಕೊಂಡು ಬಾ."

ಅವರು ಹೋದ ಮೇಲೆ ಸಿಸ್ಟರ್ ಕೇಳಿದಳು, "ಏನೋ ಹೇಳೋಕೆ ಬಂದಿದ್ರಿ?"

"ಇಪ್ಪತ್ತು ದಿಂಬಿನ ಚೀಲ ಹರಿದಿವೆ" ಎಂದ ಚಾದರಣ್ಣ.

ಕೋಣೆಗೆ ಬಂದು ಮೊಳೆಯನ್ನು ಒಂದು ಗೇಣಿನ ಗುರುತಿನಲ್ಲೇ ಮತ್ತೆ ಹೊಡೆದ. ಗಟ್ಟಿಯಾಗಿ ಹೊಡೆದ.

ಈ ನಡುವೆ ಸುದ್ದಿ ಅವನ ಷಡ್ಡಕನಿಗೆ ಮುಟ್ಟಿತು. ಷಡ್ಡಕನೆಂದರೆ ಹೆಂಡತಿಯ ಅಕ್ಕನ ಗಂಡ, ಲಂಚ ಹಿಡಿಯುವ ಇಲಾಖೆಯಲ್ಲಿ, ಅಂದರೆ ಲಂಚ ತಿಂದವರನ್ನು ಹಿಡಿಯುವ ಇಲಾಖೆಯಲ್ಲಿ, ಇನ್‌ಸ್ಪೆಕ್ಟರ್. ಹತ್ತು ವರ್ಷದಲ್ಲಿ ಚಾದರಣ್ಣನ ಮನೆಗೆ ಎರಡು ಸಲ ಬಂದಿದ್ದ, ಎರಡು ಸಲವೂ ನಿಂತೇ ಮಾತಾಡಿದ್ದ. ಈ ಸಲ ಬಂದವನು ಕೂತ. ಹೆಂಡತಿ ಚಹಾ ತರಲು ಒಳಗೆ ಹೋದಳು.

"ಪಟ್ಟಿ ನೋಡ್ದೆ ಕಣಪ್ಪ" ಎಂದ ಷಡ್ಡಕ, ದನಿ ತಗ್ಗಿಸಿ. "ದೊಡ್ಡ ಡಾಕ್ಟ್ರ ಮುಂದೆ ಹನ್ನೊಂದು ಅಂತಿದೆ. ಏನದು?"

"ನೂರು ಸಲದಲ್ಲಿ ಹನ್ನೊಂದು ಸಲ ಕೈ ಶುದ್ಧ ಅಂತ ಭಾವ."

"ಉಳಿದ ಎಂಬತ್ತೊಂಬತ್ತು ಸಲ?"

"ಹಾಗೇ ಮುಟ್ತಾರೆ."

"ಎಲ್ಲಿ?"

"ರೌಂಡ್ಸಲ್ಲಿ. ಹಾಸಿಗೆ ಹಾಸಿಗೆಗೂ ನಿಂತು."

"ಬಡವರ ಹತ್ರಾನೂ?"

"ಅವರು ಭೇದ ಮಾಡಲ್ಲ ಭಾವ. ಒಂದು ಹಾಸಿಗೆ ಬಿಡಲ್ಲ."

"ರೋಗಿಗಳು ಸುಮ್ನಿರ್ತಾರಾ?"

"ಮೊದಲು ಸುಮ್ನಿದ್ರು. ಮಷೀನು ಬಂದ ಮೇಲೆ ಒಂಬತ್ತನೇ ಹಾಸಿಗೆ ಅಜ್ಜಿ ಮುಖದ ಮೇಲೇ ಕೇಳ್ತಾಳೆ."

"ಯಾವ ಮಷೀನು?"

"ಗೋಡೆಗೆ ಹಾಕಿದಾರಲ್ಲ. ಕೈ ಒಡ್ಡಿದ್ರೆ ಸಾಕು, ತಾನಾಗೇ ಬೀಳುತ್ತೆ. ಯಾರು ಎಷ್ಟು ಸಲ ಕೈ ಒಡ್ಡಿದ್ರು ಅಂತ ಲೆಕ್ಕಾನೂ ಇಡುತ್ತೆ."

"ಇಪ್ಪತ್ತಾರು ವರ್ಷ ಸರ್ವೀಸು ನನ್ನದು. ಮೇಜಿನ ಕೆಳಗೆ ಒಡ್ಡೋದು ನೋಡಿದೀನಿ, ಫೈಲಿನೊಳಗೆ ಇಡೋದು ನೋಡಿದೀನಿ. ಗೋಡೆಗೆ ಮಷೀನು! ಎಷ್ಟು ಕಡೆ?"

"ಹನ್ನೆರಡು ಕಡೆ. ಖಾಲಿಯಾದ್ರೆ ತುಂಬೋಕೂ ಜನ ಇದಾರೆ."

"ಎಲ್ಲರೂ ಒಡ್ತಾರಾ?"

"ಒಡ್ಡಲೇಬೇಕು ಅಂತ ಸಿಸ್ಟರ್ ಆರ್ಡರು."

ಷಡ್ಡಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ನೀನು? ನನ್ನ ಮುಖ ನೋಡಿ ಸತ್ಯ ಹೇಳು. ನೀನು ಕೈ ಒಡ್ಡಿದೀಯಾ?"

ಇಷ್ಟು ಹೊತ್ತು ಸುತ್ತಿ ಬಳಸಿ ಕೇಳಿದ್ದು ಇದಕ್ಕೇ ಎಂದು ಚಾದರಣ್ಣನಿಗೆ ಖಾತ್ರಿಯಾಯಿತು. ಮೊಳೆಯ ವಿಷಯ ಈ ಮನುಷ್ಯನಿಗೆ ಹೇಗೋ ಗೊತ್ತಾಗಿದೆ.

"ಭಾವ... ಹತ್ತು ಹನ್ನೆರಡು ಸಲ ಮಾತ್ರ, ಅದೂ ಸಿಸ್ಟರ್ ಎದುರಿಗೆ ನಿಂತು ಒತ್ತಾಯ ಮಾಡಿದಾಗ. ನಾನಾಗಿ ಒಂದ್ಸಲವೂ ಒಡ್ಡಿಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ."

ಷಡ್ಡಕನ ಕಣ್ಣು ಒದ್ದೆಯಾದವು. ಎದ್ದು ಅವನ ಹೆಗಲು ಹಿಡಿದ. "ಇಂಥವನು ನಮ್ಮನೇಲಿದ್ದೂ ನಾನು ಹತ್ತು ವರ್ಷ ನಿಂತು ಮಾತಾಡಿದೆನಲ್ಲಪ್ಪ!"

ಚಹಾ ತಂದ ಹೆಂಡತಿಗೆ ಖಾಲಿ ಕುರ್ಚಿ ಸಿಕ್ಕಿತು. "ಏನು ಹೇಳಿದ್ರಿ ಅವರಿಗೆ, ಅಷ್ಟು ಅವಸರದಲ್ಲಿ ಓಡಿದ್ರು?"

"ಕೈ ತೊಳೆಯೋ ಮಷೀನಿನ ವಿಷಯ."

"ಅದಕ್ಕೆ ಅಳ್ತಾರಾ?" ಎಂದು ಅವಳು ಆ ಚಹಾವನ್ನು ತಾನೇ ಕುಡಿದಳು.

ಕೊನೆಯ ಶನಿವಾರ ಪಡಸಾಲೆಯಲ್ಲಿ ಒಂದು ಮೇಜು ಹಾಕಿದರು. ನಲವತ್ತೆರಡು ಜನ ಬಿಲ್ಲೆ ಧರಿಸಿ ನಿಂತರು. ನಡೆಯಬಲ್ಲ ರೋಗಿಗಳು ನಡೆದು ಬಂದರು, ಒಂಬತ್ತನೇ ಹಾಸಿಗೆಯ ಅಜ್ಜಿ ಗಾಲಿಕುರ್ಚಿಯಲ್ಲಿ ಬಂದಳು. ಮನೆಗೆ ಹೋಗಬಹುದೆಂದು ಹೇಳಿ ವಾರವಾಗಿದ್ದರೂ ಇದನ್ನು ನೋಡಿಯೇ ಹೋಗುತ್ತೇನೆಂದು ಅವಳು ಹಟ ಹಿಡಿದಿದ್ದಳು. ಪೋಸ್ಟ್‌ಮಾಸ್ಟರು ಬೀದಿಯ ಪರವಾಗಿ ಬಂದಿದ್ದರು. ಸಿಸ್ಟರ್ ಒಂದು ಮೂಲೆಯಲ್ಲಿ ಸಪ್ಪಗೆ ನಿಂತಿದ್ದಳು. ವಾರ್ಡಿನ ಅಂಕ ಇಪ್ಪತ್ತೊಂದು. ಸೋಮವಾರ ಯಂತ್ರ ಕೀಳುವವರು ಬರುತ್ತಾರೆಂದು ಕಾಗದ ಬಂದಾಗಿತ್ತು.

ದೊಡ್ಡ ಡಾಕ್ಟರು ಶುದ್ಧ ಎಂಬ ಶಬ್ದದ ಬಗ್ಗೆ ಕಾಲು ಗಂಟೆ, ಹಸ್ತ ಎಂಬ ಶಬ್ದದ ಬಗ್ಗೆ ಕಾಲು ಗಂಟೆ ಮಾತಾಡಿದರು. ಆಮೇಲೆ ಹಿತ್ತಾಳೆಯ ಅಂಗೈ ಕೂರಿಸಿದ ಮರದ ಫಲಕವನ್ನು ಚಾದರಣ್ಣನ ಎರಡೂ ಕೈಗೆ ಕೊಟ್ಟರು. ಅದು ಭಾರವಿತ್ತು. ಅವನು ಎದೆಗೆ ಅವಚಿಕೊಂಡ. ಡಾಕ್ಟರು ಖಾಯಂ ಕಾಗದ ತೆಗೆಯಲು ಜೇಬಿಗೆ ಕೈ ಹಾಕಿದರು.

ಲಿಫ್ಟಿನ ಬಾಗಿಲು ತೆರೆಯಿತು. ಷಡ್ಡಕನೂ ಅವನ ಹಿಂದೆ ನಾಲ್ಕು ಜನರೂ ಹೊರಗೆ ಹಾರಿದರು.

"ಯಾರೂ ಕದಲ್ಬಾರ್ದು! ಯಾರೂ ಕೈ ತೊಳೀಬಾರ್ದು!"

ಇದು ಅವರ ಇಲಾಖೆಯಲ್ಲಿ ಎಲ್ಲ ದಾಳಿಗೂ ಹೇಳುವ ಮೊದಲ ಮಾತು. ಲಂಚದ ನೋಟಿಗೆ ಅವರು ಪುಡಿ ಸವರಿ ಕಳಿಸುತ್ತಾರೆ, ಕೈ ತೊಳೆದುಬಿಟ್ಟರೆ ಸಾಕ್ಷಿ ಹೋಯಿತು. ಈ ಸಲ ಅವರು ನೋಟನ್ನೇ ಕಳಿಸಿರಲಿಲ್ಲ, ಆದರೆ ಅಭ್ಯಾಸದ ಮಾತು ಬಾಯಿಗೆ ಬಂತು.

ಔಷಧದಂಗಡಿಯ ಗುಮಾಸ್ತ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದು ಡಬ್ಬಿಯ ಕೆಳಗೆ ಕೈ ಒಡ್ಡಿದ. ಯಾಕೆಂದು ಅವನಿಗೇ ಗೊತ್ತು. ಅವನನ್ನು ನೋಡಿ ಎಕ್ಸ್‌ರೇಯವನು ಹೋದ. ಅವರಿಬ್ಬರನ್ನು ನೋಡಿ ಉಳಿದವರಿಗೆ, ತಾವೊಬ್ಬರೇ ತೊಳೆಯದೆ ಉಳಿದರೆ ಸಿಕ್ಕಿಬೀಳುತ್ತೇವೆ ಎನಿಸಿತು. ನಲವತ್ತು ಜನ ವಾರ್ಡಿನ ಬಾಗಿಲಿನ ಡಬ್ಬಿಗೆ ನುಗ್ಗಿದರು. ಹಚ್ಚಿದವರು ಸಾಲದೆಂದು ಮತ್ತೆ ಹಚ್ಚಿದರು.

"ಬೇಡ! ನಿಲ್ಲಿಸಿ! ಕೈ ತೊಳೀಬೇಡಿ!" ಷಡ್ಡಕ ಕೂಗಿದ.

ಸಿಸ್ಟರ್ ಅವನ ಎದುರಿಗೆ ಹಾರಿ ನಿಂತಳು. "ಯಾರ್ರೀ ನೀವು, ಬೇಡ ಅನ್ನೋಕೆ? ಮೂರು ತಿಂಗಳಿಂದ ಕಾಲು ಹಿಡ್ಕೊಂಡ್ರೂ ತೊಳೀದವರು ಈಗ ತೊಳೀತಿದಾರೆ! ತೊಳೀರಿ ಎಲ್ಲರೂ! ಬೆರಳ ಸಂದು ಮರೀಬೇಡಿ! ಹೆಬ್ಬೆರಳು!"

"ಅಮ್ಮಾ, ಸಾಕ್ಷಿ ನಾಶ ಮಾಡಿಸ್ತಿದೀರಿ!"

"ಕ್ರಿಮಿ ನಾಶ ಮಾಡಿಸ್ತಿದೀನಿ!"

ಈ ಗದ್ದಲದಲ್ಲಿ ಪರದೆಯನ್ನು ನೋಡುತ್ತಿದ್ದವಳು ಅಜ್ಜಿಯೊಬ್ಬಳೇ. ನಲವತ್ತು ಜನ ತೊಳೆಯುತ್ತಿದ್ದರು. ಅವರ ಯಾರ ಎಣಿಕೆಯೂ ಕದಲುತ್ತಿರಲಿಲ್ಲ. ನಲವತ್ಮೂರನೇ ನಂಬರು ಮಾತ್ರ ಬಾಡಿಗೆ ಗಾಡಿಯ ಮೀಟರಿನ ಹಾಗೆ ಓಡುತ್ತಿತ್ತು.

"ಅಲ್ಲಾ" ಎಂದಳು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ, "ಆ ಪುಣ್ಯಾತ್ಮ ಎರಡು ಕೈಯಲ್ಲೂ ಹಲಗೆ ತಬ್ಕೊಂಡು ನಿಂತಿದಾನೆ. ಅವನ ಲೆಕ್ಕ ಯಾಕೆ ಏರ್ತಿದೆ?"

ಎಲ್ಲರೂ ಪರದೆ ನೋಡಿದರು. ಆಮೇಲೆ ಚಾದರಣ್ಣನನ್ನು ನೋಡಿದರು. ಅವನ ಎದೆಯ ಮೇಲೆ ಬಿಲ್ಲೆಯೇ ಇರಲಿಲ್ಲ.

ಮುಂದಿನ ಹತ್ತು ನಿಮಿಷ ಅರ್ಥವಿವರಣೆಗೆ ಹೋಯಿತು. ಶುದ್ಧಹಸ್ತ ಎಂದರೆ ಇಲ್ಲಿ ಬರೀ ಹಸ್ತ ಎಂದು ಸಿಸ್ಟರ್ ಷಡ್ಡಕನಿಗೆ ತಿಳಿಸಿದಳು. ಷಡ್ಡಕ ಡಬ್ಬಿಯ ಕೆಳಗೆ ತಾನೇ ಕೈ ಒಡ್ಡಿ, ಬಿದ್ದದ್ದನ್ನು ಮೂಸಿ, ಮುಖ ಸಣ್ಣ ಮಾಡಿಕೊಂಡ. ತಾನು ಇಷ್ಟು ದಿನ ಇಡೀ ಊರಿಗೆ ಏನೆಂದು ಸಾರಿಕೊಂಡಿದ್ದೇನೆ ಎಂದು ದೊಡ್ಡ ಡಾಕ್ಟರಿಗೆ ಆಗ ಹೊಳೆಯಿತು. ಅವರ ಕಿವಿ ಕೆಂಪಾಯಿತು. ಆದರೆ ಪರದೆಯನ್ನು ಇನ್ನೊಮ್ಮೆ ನೋಡಿ ಮುಖ ಅರಳಿತು.

"ಅಂದ್ರೆ ಮಷೀನೇ ಸುಳ್ಳು! ನನ್ನ ಹನ್ನೊಂದೂ ಸುಳ್ಳು! ಸೋಮವಾರದವರೆಗೆ ಕಾಯೋದೇ ಬೇಡ, ಇವತ್ತೇ ಕೀಳ್ಸಿ. ಪಾಪ, ಇವನದೇನು ತಪ್ಪು? ಕಾಗದಕ್ಕೆ ಸಹಿ ಆಗಿದೆ. ತಗೊಳ್ಳಯ್ಯ."

ಖಾಯಂ ಕಾಗದ ಚಾದರಣ್ಣನ ಮುಂದೆ ಬಂತು. ಪೋಸ್ಟ್‌ಮಾಸ್ಟರ ಪಕ್ಕದಲ್ಲಿ ನಿಂತಿದ್ದ ಹೆಂಡತಿ ಎರಡು ಹೆಜ್ಜೆ ಮುಂದೆ ಬಂದಳು. ಅವನು ಮಾಡಬೇಕಾದದ್ದು ಇಷ್ಟೇ: ಫಲಕವನ್ನು ಕಂಕುಳಿಗೆ ಸೇರಿಸಿ, ಕೈ ಚಾಚಿ, ಬಾಯಿ ಮುಚ್ಚಿಕೊಂಡಿರುವುದು. ಫಲಕ ಕಂಕುಳಿಗೆ ಹೋಯಿತು. ಕೈ ಚಾಚಿದ.

"ತಲೆ ಇಲ್ಲದ ಡಬ್ಬಿ" ಎಂದರು ಡಾಕ್ಟರು, ಕಾಗದವನ್ನು ಇನ್ನೂ ಬಿಡದೆ. "ಯಾರ ಹೆಸರಿಗೆ ಏನು ಬರೀಬೇಕು ಅಂತ ಅದಕ್ಕೇನು ಗೊತ್ತು?"

"ಗೊತ್ತು ಸಾರ್" ಎಂದ ಚಾದರಣ್ಣ.

"ಏನು?"

"ರೀ" ಎಂದಳು ಹೆಂಡತಿ.

"ಮಷೀನು ಸರಿಯಾಗೇ ಇದೆ ಸಾರ್. ಅದಕ್ಕೆ ತಲೆ ಇಲ್ಲ ಅನ್ಬೇಡಿ. ಹತ್ತಿರದ ಬಿಲ್ಲೆಗೆ ಬರೆಯುತ್ತೆ, ಅಷ್ಟೇ. ಒಂದು ಗೇಣಿಗೆ ಹತ್ತಕ್ಕೆ ಹತ್ತು. ಎರಡು ಗೇಣಿಗೆ ಐದು. ಮೂರು ಗೇಣಿಗೆ ಇಲ್ಲ. ಒಂದು ಸಲವೂ ತಪ್ಪಿಲ್ಲ. ನಾನೇ ಪರೀಕ್ಷೆ ಮಾಡಿ ಬರೆದಿಟ್ಟಿದೀನಿ."

"ರೀ!"

ಅವನಿಗೆ ಕೇಳಿಸಲಿಲ್ಲ. ಇಷ್ಟು ದಿನ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಶೋಧನೆ ಅದು. ಕೋಣೆಗೆ ಓಡಿ ನೋಟ್‌ಬುಕ್ಕು ತಂದ. ಎಲ್ಲರನ್ನೂ ಕರೆದು ಹಲಗೆಯ ಆಚೆ ಡಬ್ಬಿ, ಈಚೆ ಮೊಳೆ ತೋರಿಸಿದ. ಬೇರೆ ಬೇರೆ ದೂರದಲ್ಲಿ ಹೊಡೆದು ಕಿತ್ತ ಹದಿನಾರು ತೂತುಗಳನ್ನೂ ತೋರಿಸಿದ. ಸಿಸ್ಟರ್ ಪುಟ ತಿರುವುತ್ತಾ ಹೋದಳು. ಅವಳ ಮುಖ ಬೆಳಗುತ್ತಾ ಹೋಯಿತು.

"ಹಾಗಾದ್ರೆ ಇವರೆಲ್ಲ ತೊಳೀತಿದ್ರು! ಅದಕ್ಕೇ ಗಾಯ ಕಡಿಮೆ ಆಗಿದ್ದು! ಚಾದರಣ್ಣ, ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಈ ತಿಂಗಳು ಎರಡನೇ ಸೋಮವಾರ" ಎಂದ ಅವನು ಹೆಮ್ಮೆಯಿಂದ. "ತಾರೀಖು ಮೇಲೆ ಬರೆದಿದೆ ನೋಡಿ."

ಹೇಳಿದ ಮೇಲೆ ಅವನಿಗೇ ಕೇಳಿಸಿತು.

"ತಾರೀಖು ಸಮೇತ" ಎಂದು ಷಡ್ಡಕ ನೋಟ್‌ಬುಕ್ಕನ್ನು ಸಿಸ್ಟರ್ ಕೈಯಿಂದ ತೆಗೆದುಕೊಂಡ. ಬಂದದ್ದಕ್ಕೆ ಒಂದು ಸಾಕ್ಷಿಯಾದರೂ ಬೇಕಿತ್ತು. ಹೋಗುವಾಗ ನಿಂತೇ ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಫಲಕ ಮೇಜಿಗೆ, ಖಾಯಂ ಕಾಗದ ಜೇಬಿಗೆ ವಾಪಸ್ಸು ಹೋದವು. ಸೋಮವಾರ ಕಾಗದದಲ್ಲಿ ಹೆಸರು ತಿದ್ದಿ ಲಿಫ್ಟಿನವನಿಗೆ ಕೊಟ್ಟರು. ಚಾದರಣ್ಣ ನಲವತ್ತೈದನೇ ಸಲ ಹೊಸಬನಾದ. ಪೋಸ್ಟ್‌ಮಾಸ್ಟರು ಸಂಜೆಯೇ ಬಂದು, ಮುಖ ನೋಡದೆ ಟ್ಯಾಂಕಿನ ಬೀಗದ ಕೈ ಕೇಳಿದರು. ಉಳಿದವರು ಮಕ್ಕಳನ್ನು ಕಳಿಸಿದರು.

"ಅಂತೂ ಒಂದ್ಸಲ ನಿಜವಾಗ್ಲೂ ಕೈ ತೊಳ್ಕೊಂಡ್ರಲ್ಲ" ಎಂದಳು ಹೆಂಡತಿ, ಸೆರಗಿನ ಗಂಟು ಬಿಚ್ಚುತ್ತಾ.

ಸಿಸ್ಟರ್ ಎರಡು ದಿನ ಡ್ಯೂಟಿ ಪುಸ್ತಕ ಹಿಡಿದು ಕೂತು, ಯಾರು ಯಾವಾಗ ಬಾಗಿಲು ದಾಟಿದರೆಂದು ನೋಡಿ ಎಲ್ಲರ ಲೆಕ್ಕ ಅವರವರಿಗೆ ಹಂಚಿದಳು. ವಾರ್ಡಿನದು ಅರವತ್ತೆಂಟಾಯಿತು. ಯಂತ್ರ ಉಳಿಯಿತು. ದೊಡ್ಡ ಡಾಕ್ಟರದು ಹನ್ನೆರಡಾಯಿತು. ನಲವತ್ಮೂರನೇ ನಂಬರಿನ ಮುಂದೆ ಇದ್ದದ್ದು ಒಂಬತ್ತು ಸಾವಿರದ ಆರುನೂರ ಹನ್ನೆರಡು. ಅದರಲ್ಲಿ ಚಾದರಣ್ಣನದೇ ಎನ್ನಬಹುದಾದದ್ದು ಹದಿಮೂರು.

ಹೋದದ್ದು ಇಷ್ಟು: ಖಾಯಂ ನೌಕರಿ ಒಂದು, ಫಲಕ ಒಂದು, ಷಡ್ಡಕ ಒಬ್ಬ, ನೋಟ್‌ಬುಕ್ಕು ಒಂದು, ಬೀಗದ ಕೈ ಏಳು, ತೊಳೆದ ಕೈ ಒಂಬತ್ತು ಸಾವಿರದ ಐನೂರ ತೊಂಬತ್ತೊಂಬತ್ತು.